ಒಮ್ಮೆ ನೆಟ್ಟು ವರ್ಷಗಟ್ಟಲೆ ಕೊಯ್ಯುವ ಹಿತ್ತಿಲು: ಉಡುಪಿ, ಮಂಗಳೂರಿನ ಮಳೆಗೆ ಒಗ್ಗುವ ಸಾವಯವ ತರಕಾರಿ ತೋಟ

ಉಡುಪಿಯಲ್ಲಿ ಮನೆ ಮಾಡಿದ ಮೊದಲ ವರ್ಷ ನಾನು ಹಿತ್ತಿಲಲ್ಲಿ ಟೊಮೆಟೊ, ಬದನೆ, ಮೆಣಸು ನೆಟ್ಟೆ. ಜೂನ್ ಮೊದಲ ವಾರ, ಮಣ್ಣು ಒದ್ದೆಯಾಗಿತ್ತು, ಇದೇ ಸರಿಯಾದ ಹೊತ್ತು ಅಂದುಕೊಂಡೆ. ಜುಲೈ ಬರುವಷ್ಟರಲ್ಲಿ ಗುಂಡಿಗಳೆಲ್ಲ ನೀರು ತುಂಬಿದ ಬೋಗುಣಿಗಳಾದವು. ಉಳಿದ ನಾಲ್ಕು ಗಿಡ ಹೂ ಬಿಡುವ ಹೊತ್ತಿಗೆ ಒಂದೇ ದಿನದಲ್ಲಿ ಬಾಡಿ ಬಿದ್ದವು. ಅದೇ ಹಿತ್ತಿಲಲ್ಲಿ, ಬಚ್ಚಲಿನ ಗೋಡೆಯ ಪಕ್ಕದ ದಿಬ್ಬದ ಮೇಲೆ, ಅತ್ತೆ ಚುಚ್ಚಿಟ್ಟಿದ್ದ ಬಸಳೆ ಕಡ್ಡಿ ಬದುಕಿ ಉಳಿಯಿತು. ಅದೇ ದೀಪಾವಳಿಗೆ ಚಪ್ಪರ ತುಂಬಿತು.

ಆಮೇಲೆ ಏಳು ವರ್ಷ ಕಳೆದಿದೆ. ಮನೆ, ಬಾವಿ, ಅಂಗಳ ಬಿಟ್ಟರೆ ನಮಗೆ ಉಳಿದಿರುವುದು ಸುಮಾರು 3 ಸೆಂಟ್ಸ್ ಜಾಗ. ಅಂದರೆ 1300 ಚದರ ಅಡಿ. ವಾರದಲ್ಲಿ ನಾಲ್ಕೈದು ದಿನದ ಸೊಪ್ಪು, ತರಕಾರಿ ಅಲ್ಲಿಂದಲೇ ಬರುತ್ತದೆ. ಅದರಲ್ಲಿ ಹೆಚ್ಚಿನದು ಒಮ್ಮೆ ನೆಟ್ಟು ಹಾಗೇ ಬಿಟ್ಟ ಗಿಡಗಳದ್ದು: ಬಸಳೆ, ತೊಂಡೆ, ಕೆಸು, ನುಗ್ಗೆ, ಕರಿಬೇವು, ಚಕ್ರಮುನಿ, ಗಾಂಧಾರಿ ಮೆಣಸು, ಸುವರ್ಣಗಡ್ಡೆ. ಪ್ರತಿ ವರ್ಷ ಬೀಜ ಹಾಕಿ, ಸಸಿ ಮಾಡಿ, ಕಿತ್ತು, ಮತ್ತೆ ಅಗೆಯುವ ಕೆಲಸ ಇಲ್ಲಿಲ್ಲ. ಆದರೆ ಇಂಥ ಗಿಡಕ್ಕೆ ಜಾಗ ತಪ್ಪಿದರೆ ಆ ತಪ್ಪು ಐದು ವರ್ಷ ನಮ್ಮ ಜೊತೆಗೇ ಇರುತ್ತದೆ. ಹಾಗಾಗಿ ಈ ಬರಹದ ಅರ್ಧ ಭಾಗ ಗಿಡ ನೆಡುವುದಕ್ಕೂ ಮುಂಚಿನ ಕೆಲಸದ ಬಗ್ಗೆಯೇ ಇದೆ.

ಮೊದಲು ಒಂದು ಮಳೆಗಾಲ ನೋಡಿ

ನಮ್ಮ ಕರಾವಳಿಗೆ ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಸಿಂಹಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವಷ್ಟು ನೀರು ನಮಗೆ ಜುಲೈ ಒಂದೇ ತಿಂಗಳಲ್ಲಿ ಬರುತ್ತದೆ. ಆಮೇಲೆ ಡಿಸೆಂಬರ್‌ನಿಂದ ಮೇ ನಡುವಿನವರೆಗೆ ಬಹುತೇಕ ಒಣ. ಬಯಲುಸೀಮೆಯವರಿಗಾಗಿ ಬರೆದ ತೋಟದ ಸಲಹೆಗಳು ಇಲ್ಲಿ ಕೈಕೊಡುವುದು ಈ ಕಾರಣಕ್ಕೇ. ಅವರು ಗುಂಡಿ ತೋಡಿ ನೀರು ನಿಲ್ಲಿಸುತ್ತಾರೆ. ನಾವು ಮಣ್ಣು ಏರಿಸಿ ನೀರು ಬಿಡಬೇಕು.

ಹೊಸದಾಗಿ ಶುರು ಮಾಡುವವರು ಒಂದು ಜೋರು ಮಳೆಯ ದಿನ ಕೊಡೆ ಹಿಡಿದು ಹಿತ್ತಿಲು ಸುತ್ತಿ ಬನ್ನಿ. ಮಾಡಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಮಳೆ ನಿಂತು ಒಂದು ಗಂಟೆ ಆದ ಮೇಲೂ ಎಲ್ಲಿ ನಿಂತಿರುತ್ತದೆ ಎಂದು ನೋಡಿ. ನಿಂತ ಕಡೆ ಒಂದೊಂದು ಕೋಲು ಊರಿ. ಆ ಜಾಗ ಕೆಸುವಿಗೆ, ಒಂದೆಲಗಕ್ಕೆ. ನುಗ್ಗೆ, ಶುಂಠಿ, ತೊಂಡೆ ಅಲ್ಲಿಗೆ ಕಾಲಿಡಲೇಬಾರದು.

ಬಿಸಿಲನ್ನು ಡಿಸೆಂಬರಿನಲ್ಲಿ ನೋಡಬೇಕು. ಉಡುಪಿ, ಮಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಆಗ ಮನೆಯ ಉತ್ತರದ ಗೋಡೆಗೂ ಬಿಸಿಲು ಬೀಳುತ್ತದೆ. ಅದನ್ನು ನಂಬಿ ಮೇ ತಿಂಗಳಲ್ಲಿ ಚಪ್ಪರದ ಜಾಗ ಗುರುತಿಸಿದರೆ ಮೋಸ ಹೋಗುತ್ತೀರಿ. ಬಳ್ಳಿಗಳು ಜೋರಾಗಿ ಬೆಳೆಯುವ ಅಕ್ಟೋಬರ್‌ನಿಂದ ಫೆಬ್ರವರಿಯಲ್ಲಿ ಆ ಜಾಗಕ್ಕೆ ಇಡೀ ದಿನ ಮನೆಯ ನೆರಳು. ತೊಂಡೆಗೆ, ನುಗ್ಗೆಗೆ ಆರು ಗಂಟೆಯಾದರೂ ಬಿಸಿಲು ಬೇಕು. ಬಸಳೆ ನಾಲ್ಕೈದು ಗಂಟೆಯಲ್ಲಿ ಸುಧಾರಿಸಿಕೊಳ್ಳುತ್ತದೆ. ತೆಂಗಿನ ಮರದ ಚದುರಿದ ನೆರಳಲ್ಲಿ ಅರಸಿನ, ಸುವರ್ಣಗಡ್ಡೆ, ಗಾಂಧಾರಿ, ಕೆಸು ಚೆನ್ನಾಗಿಯೇ ಬರುತ್ತವೆ.

ಮಣ್ಣು: ಇದರಲ್ಲಿ ಅವಸರ ಬೇಡ

ನಮ್ಮದು ಮುರಕಲ್ಲಿನ ಮಣ್ಣು. ಕೆಂಪು, ಹರಳು ಹರಳು, ಒಣಗಿದರೆ ಪಿಕಾಸಿಯೂ ಇಳಿಯದಷ್ಟು ಗಟ್ಟಿ. ಇಷ್ಟೊಂದು ಮಳೆ ಸಾವಿರಾರು ವರ್ಷ ತೊಳೆದ ಮಣ್ಣಿದು. ಸುಣ್ಣದ ಅಂಶ, ಪೊಟ್ಯಾಷ್, ಮೆಗ್ನೀಸಿಯಂ ಎಲ್ಲ ನೀರಿನ ಜೊತೆ ಕೆಳಗಿಳಿದು ಹೋಗಿರುತ್ತದೆ. ಉಳಿಯುವುದು ಕಬ್ಬಿಣ, ಅಲ್ಯುಮಿನಿಯಂ. ಹಾಗಾಗಿ ಮಣ್ಣು ಹುಳಿ. ಹುಳಿಯ ಅಳತೆಯಾದ ಪಿಎಚ್ (7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 5ರಿಂದ 6ರ ನಡುವೆ. ಹುಳಿ ಜಾಸ್ತಿಯಾದರೆ ರಂಜಕ ಕಬ್ಬಿಣಕ್ಕೆ ಅಂಟಿಕೊಂಡು ಬಿಡುತ್ತದೆ, ಬೇರಿಗೆ ಸಿಗುವುದಿಲ್ಲ. ಎಷ್ಟು ಗೊಬ್ಬರ ಹಾಕಿದರೂ ಗಿಡ ಏಳುವುದಿಲ್ಲ ಎಂದು ಹೇಳುವವರ ಹಿತ್ತಿಲಲ್ಲಿ ಹೆಚ್ಚಾಗಿ ಇದೇ ತೊಂದರೆ.

ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿ. ಬ್ರಹ್ಮಾವರದಲ್ಲೂ ಮಂಗಳೂರಿನಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ, ಅಲ್ಲಿ ವಿಚಾರಿಸಿ. ಹಿತ್ತಿಲಿನ ಐದಾರು ಕಡೆ ಗೇಣುದ್ದ ಅಗೆದು, ಎಲ್ಲ ಕಡೆಯ ಮಣ್ಣನ್ನು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಟ್ಟರೆ ಸಾಕು. ಗೊಬ್ಬರ ಹಾಕಿದ ಜಾಗದ ಮಣ್ಣು ತೆಗೆಯಬೇಡಿ.

ಪಿಎಚ್ 5.5ಕ್ಕಿಂತ ಕಡಿಮೆ ಬಂದರೆ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಹಾಕಿ. ಚದರ ಮೀಟರಿಗೆ ಸುಮಾರು 200 ಗ್ರಾಂ ಸಾಕು. ಡೋಲೊಮೈಟ್ ಆದರೆ ಮೆಗ್ನೀಸಿಯಂ ಕೂಡ ಸಿಗುತ್ತದೆ, ನನಗೆ ಅದೇ ಇಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದಾಗ ಉದುರಿಸಿ ಮೇಲ್ಮಣ್ಣಿಗೆ ಬೆರೆಸಿ. ಹಟ್ಟಿಗೊಬ್ಬರವನ್ನು ಅದರ ಜೊತೆಗೇ ಹಾಕಬೇಡಿ. ಎರಡೂ ಸೇರಿದರೆ ಗೊಬ್ಬರದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಎರಡು ವಾರವಾದರೂ ಅಂತರ ಇರಲಿ. ಬಚ್ಚಲು ಒಲೆ ಇರುವ ಮನೆಯವರಿಗೆ ಇನ್ನೂ ಸುಲಭ. ಕಟ್ಟಿಗೆಯ ಬೂದಿ ಹುಳಿಯನ್ನೂ ತಗ್ಗಿಸುತ್ತದೆ, ಪೊಟ್ಯಾಷನ್ನೂ ಕೊಡುತ್ತದೆ. ಬುಡಕ್ಕೆ ತಿಂಗಳಿಗೊಂದು ಗೆರಟೆ (ತೆಂಗಿನ ಚಿಪ್ಪು) ಬೂದಿ ಸಾಕು. ಪ್ಲಾಸ್ಟಿಕ್, ಬಣ್ಣ ಬಳಿದ ಮರ ಸುಟ್ಟ ಬೂದಿ ಮಾತ್ರ ತೋಟಕ್ಕೆ ತರಲೇಬೇಡಿ.

ಸುಡುಮಣ್ಣಿನ ಬಗ್ಗೆ ಹೇಳದೆ ನಮ್ಮ ಊರಿನ ತರಕಾರಿ ಮಾತು ಮುಗಿಯುವುದಿಲ್ಲ. ಬೇಸಿಗೆಯಲ್ಲಿ ತರಗೆಲೆ, ಕಸಕಡ್ಡಿ, ಒಣ ಸೆಗಣಿ ರಾಶಿ ಹಾಕಿ, ಮೇಲೆ ಕೆರೆದ ಮಣ್ಣು ಮುಚ್ಚಿ, ಕೆಳಗಿನಿಂದ ಬೆಂಕಿ ಕೊಡುತ್ತಾರೆ. ಉರಿ ಏಳಬಾರದು. ಒಂದೆರಡು ದಿನ ಹೊಗೆಯಾಡುತ್ತಾ ನಿಧಾನ ಬೇಯಬೇಕು. ಆರಿದ ಮೇಲೆ ಮಣ್ಣು ಪುಡಿಪುಡಿಯಾಗಿರುತ್ತದೆ. ಬೇರು ಅದರಲ್ಲಿ ಸಲೀಸಾಗಿ ಓಡುತ್ತದೆ, ಕಳೆಯ ಬೀಜ ಸತ್ತಿರುತ್ತದೆ. ಬಸಳೆಗೆ ಇದಕ್ಕಿಂತ ಒಳ್ಳೆಯ ಹಾಸಿಗೆ ನಾನು ನೋಡಿಲ್ಲ. ಆದರೂ ವರ್ಷಕ್ಕೊಮ್ಮೆ, ಒಂದೇ ಸಣ್ಣ ರಾಶಿ ಮಾಡುತ್ತೇನೆ. ಸುಟ್ಟ ತರಗೆಲೆ ಬೂದಿಯಾಗುತ್ತದೆ, ಕೊಳೆತ ತರಗೆಲೆ ಮಣ್ಣಾಗುತ್ತದೆ. ಬಹುವಾರ್ಷಿಕ ತೋಟಕ್ಕೆ ಎರಡನೆಯದೇ ಜಾಸ್ತಿ ಬೇಕು.

ಅದಕ್ಕೆ ತೋಟದ ಒಂದು ಮೂಲೆಯಲ್ಲಿ ತರಗೆಲೆ ಗೂಡು ಮಾಡಿ. ನಾಲ್ಕು ಗೂಟ, ಸುತ್ತ ಹಳೆಯ ಬಲೆ, 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಎತ್ತರ. ಹಲಸು, ಮಾವು, ಗೇರು, ಯಾವುದರ ಎಲೆಯಾದರೂ ಆದೀತು. ಅಕೇಶಿಯ ಎಲೆ ಮಾತ್ರ ಕೊಳೆಯಲು ತುಂಬಾ ಸತಾಯಿಸುತ್ತದೆ, ಬೇರೆಯದರ ಜೊತೆ ಸ್ವಲ್ಪ ಬೆರೆಸಿ. ಒಂದು ಅಡಿ ಎಲೆ, ಮೇಲೆ ಒಂದು ಬಕೆಟ್ ಸೆಗಣಿ ನೀರು, ಅಡುಗೆಮನೆಯ ತರಕಾರಿ ಸಿಪ್ಪೆ, ಒಂದು ಹಿಡಿ ಮಣ್ಣು. ಹೀಗೆ ಪದರ ಪದರ. ಜನವರಿಯಲ್ಲಿ ಶುರು ಮಾಡಿ ವಾರಕ್ಕೊಮ್ಮೆ ನೀರು ಚಿಮುಕಿಸಿದರೆ ಸೆಪ್ಟೆಂಬರಿನ ನೆಡುವಿಕೆಗೆ ಕಪ್ಪು ಗೊಬ್ಬರ ಸಿದ್ಧ. ಮಳೆಗಾಲದಲ್ಲಿ ಮೇಲೆ ತಗಡು ಅಥವಾ ತೆಂಗಿನ ಮಡಲು ಮುಚ್ಚಬೇಕು. ಇಲ್ಲದಿದ್ದರೆ ಸತ್ವವೆಲ್ಲ ತೋಡಿಗೆ ಹೋಗುತ್ತದೆ.

ಹಟ್ಟಿಗೊಬ್ಬರ ಕೊಳ್ಳುವಾಗ ಮೂಸಿ ನೋಡಿ. ಸೆಗಣಿ ವಾಸನೆ ಇದ್ದರೆ ಇನ್ನೂ ಕಳಿತಿಲ್ಲ ಎಂದರ್ಥ. ಹಸಿ ಗೊಬ್ಬರ ಬೇರು ಸುಡುತ್ತದೆ. ತೆಂಗು ಇರುವ ಕಡೆ ಅದರಲ್ಲಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆ ಇಡುತ್ತದೆ.

ದಿಬ್ಬ, ಕಣಿ, ಚಪ್ಪರ

ಬಳ್ಳಿಗಳಿಗೆ 2 ಅಡಿ ಅಗಲ, 1 ಅಡಿ ಎತ್ತರದ ದಿಬ್ಬ ಮಾಡಿ. ಮೊದಲು ನೆಲವನ್ನು ಒಂದು ಅಡಿ ಸಡಿಲಿಸಿ. ತಳಕ್ಕೆ ತೆಂಗಿನ ಸಿಪ್ಪೆಯನ್ನು ನಾರು ಮೇಲೆ ಬರುವಂತೆ ಒಂದು ಸಾಲು ಜೋಡಿಸಿ. ಬೇಸಿಗೆಯಲ್ಲಿ ಇದು ತೇವ ಹಿಡಿದಿಡುತ್ತದೆ. ಮೇಲೆ ಮಣ್ಣು, ಎರಡು ಬುಟ್ಟಿ ಕಳಿತ ಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ, ಸಿಕ್ಕರೆ ಒಂದು ಬುಟ್ಟಿ ಸುಡುಮಣ್ಣು. ಇದನ್ನು ಬೆರೆಸಿ ಹತ್ತು ದಿನ ಬಿಟ್ಟು ಆಮೇಲೆ ನೆಡಿ.

ದಿಬ್ಬಗಳ ನಡುವೆ ಕಣಿ ತೆಗೆಯಿರಿ. ಅರ್ಧ ಅಡಿ ಆಳ, ಒಂದು ಅಡಿ ಅಗಲ. ನೀವು ಮಳೆಯಲ್ಲಿ ನೋಡಿದ ಹರಿವಿನ ದಾರಿಗೇ ಅದು ಸೇರಬೇಕು. ನೀರಿಗೆ ಹೊಸ ದಾರಿ ಕಲಿಸಲು ಹೋದರೆ ಅದು ದಿಬ್ಬವನ್ನೇ ಕೊರೆಯುತ್ತದೆ. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಆಸುಪಾಸಿಗೆ, ಕಣಿ ಬಿಡಿಸುವ ಕೆಲಸ ಮುಗಿದಿರಬೇಕು. ಕೋಲ, ಯಕ್ಷಗಾನದ ಗೆಜ್ಜೆ ಬಿಚ್ಚುವ ದಿನವನ್ನು ನಾನು ಹಿತ್ತಿಲಿಗೂ ಗಡುವು ಎಂದು ಇಟ್ಟುಕೊಂಡಿದ್ದೇನೆ.

ಚಪ್ಪರ ಒಂದೇ ಸಲ ಗಟ್ಟಿಯಾಗಿ ಮಾಡಿ. ಅಡಿಕೆ ಮರದ ಕಂಬ ಅಗ್ಗ, ಆದರೆ ಎರಡು ವರ್ಷಕ್ಕೆ ಬುಡ ಗೆದ್ದಲಿಗೆ ಹೋಗುತ್ತದೆ. ತುಂಬಿದ ತೊಂಡೆ ಚಪ್ಪರ ಮಳೆಗಾಳಿಗೆ ಕುಸಿದರೆ ಬಳ್ಳಿಯನ್ನೂ ಉಳಿಸಿಕೊಳ್ಳುವುದು ಕಷ್ಟ. ಕಲ್ಲಿನ ಕಂಬ ಅಥವಾ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಊರಿ, ಮೇಲೆ ಅಡಿಕೆ ಸಲಾಕೆ ಕಟ್ಟಿದರೆ ಸಲಾಕೆ ಮಾತ್ರ ಬದಲಿಸುತ್ತಾ ಹೋಗಬಹುದು. 10 ಅಡಿ ಉದ್ದ, 10 ಅಡಿ ಅಗಲ, ಎತ್ತರ ಆರು ಅಡಿಗಿಂತ ಜಾಸ್ತಿ ಬೇಡ. ಮನೆಯ ಹಿರಿಯರು ಕೈ ಎತ್ತಿದರೆ ಕಾಯಿ ಸಿಗಬೇಕು. ಎತ್ತರದ ಚಪ್ಪರದಲ್ಲಿ ಕಾಯಿ ಹಣ್ಣಾಗಿ ಹಕ್ಕಿಗೆ ಹೋಗುತ್ತದೆ ಅಷ್ಟೆ. ಚಪ್ಪರದ ಅಡಿಯ ಜಾಗವೂ ಖಾಲಿ ಬಿಡಬೇಡಿ, ಅಲ್ಲಿ ಅರಸಿನ, ಕೆಸು ನಡೆಯುತ್ತದೆ.

ಯಾವಾಗ ನೆಡುವುದು: ಗಡ್ಡೆ ಮಳೆಗೆ ಮುಂಚೆ, ಬಳ್ಳಿ ಮಳೆ ಇಳಿದ ಮೇಲೆ

ಈ ಒಂದು ಮಾತು ಗೊತ್ತಿದ್ದರೆ ನನ್ನ ಮೊದಲ ಎರಡು ವರ್ಷ ಉಳಿಯುತ್ತಿತ್ತು. ಗಡ್ಡೆಗಳು ಒಣ ಮಣ್ಣಿನಲ್ಲಿ ಸುಮ್ನೆ ಮಲಗಿದ್ದು ಮೊದಲ ಮಳೆಗೆ ಎದ್ದು ಬರುವಂಥವು. ಅವನ್ನು ಮಾರ್ಚ್‌ನಿಂದ ಮೇ ಒಳಗೆ ಇಡಬೇಕು. ಬಳ್ಳಿಯ ಕಡ್ಡಿಗೆ ಬೇರು ಬರುವ ಮೊದಲು ಜಡಿಮಳೆ ಹಿಡಿದರೆ ಕತ್ತರಿಸಿದ ಬಾಯಿಯಿಂದಲೇ ಕೊಳೆಯುತ್ತದೆ. ಅದಕ್ಕೆ ಬಸಳೆ, ತೊಂಡೆಯನ್ನು ಸೆಪ್ಟೆಂಬರಿನಲ್ಲಿ, ಚೌತಿ ಕಳೆದು ಮಳೆಯ ನಡುವೆ ಬಿಸಿಲು ಕಾಣತೊಡಗಿದಾಗ ನೆಡಿ. ಎದುರಿಗೆ ಎಂಟು ತಿಂಗಳು ಬಿಸಿಲು ಸಿಗುತ್ತದೆ. ಮುಂದಿನ ಮಳೆಗಾಲಕ್ಕೆ ಬುಡ ದಪ್ಪವಾಗಿ ತಡೆದುಕೊಳ್ಳುತ್ತದೆ.

ಬಸಳೆ

ಪಕ್ಕದ ಮನೆಯಿಂದ ಕೇಳಿ ತನ್ನಿ. ಚೆನ್ನಾಗಿ ಬರುವ ಚಪ್ಪರದ, ಪೆನ್ಸಿಲಿಗಿಂತ ಸ್ವಲ್ಪ ದಪ್ಪದ ಬಲಿತ ದಂಟು, ನಾಲ್ಕು ಗಂಟು ಇರುವ ತುಂಡು. ಒಂದು ದಿನ ನೆರಳಲ್ಲಿಟ್ಟು ಬಾಯಿ ಒಣಗಿಸಿ. ಎರಡು ಗಂಟು ಮಣ್ಣೊಳಗೆ, ಎರಡು ಮೇಲೆ. ಒಂದು ದಿಬ್ಬಕ್ಕೆ ಮೂರು ತುಂಡು. ಹತ್ತು ದಿನದಲ್ಲಿ ಚಿಗುರು ಕಾಣುತ್ತದೆ, ಎರಡು ತಿಂಗಳಿಗೆ ಮೊದಲ ಕೊಯ್ಲು.

ಬಸಳೆ ಹೊಟ್ಟೆಬಾಕ. ಹದಿನೈದು ದಿನಕ್ಕೊಮ್ಮೆ ಏನಾದರೂ ಕೊಡಬೇಕು. 200 ಗ್ರಾಂ ನೆಲಗಡಲೆ ಹಿಂಡಿಯನ್ನು 5 ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಅದಕ್ಕೆ ಐದು ಪಟ್ಟು ನೀರು ಬೆರೆಸಿ ಬುಡದಿಂದ ಒಂದು ಗೇಣು ದೂರಕ್ಕೆ ಹಾಕಿ. ಮರುವಾರ ಬೂದಿ. ಎಲೆ ಅಂಗೈ ಅಗಲ ಬರುತ್ತದೆ, ದಂಟು ಹೆಬ್ಬೆರಳಿನಷ್ಟು. ಮರುವಾಯಿಗೋ (ಚಿಪ್ಪುಮೀನು), ಅಲಸಂದೆ ಕಾಳಿಗೋ, ಹಲಸಿನ ಬೀಜಕ್ಕೋ ಇಂಥ ದಂಟೇ ಬೇಕಲ್ವಾ?

ಕೊಯ್ಯುವಾಗ ಎಲೆ ಎಲೆಯಾಗಿ ಕೀಳಬೇಡಿ. ತುದಿಯಿಂದ ಒಂದೂವರೆ ಅಡಿ ದಂಟು ಕತ್ತರಿಸಿ. ಕೆಳಗಿನ ಗಂಟುಗಳಿಂದ ಎರಡು ಕವಲು ಏಳುತ್ತವೆ. ಮಳೆಗಾಲದಲ್ಲಿ ಎಲೆಯ ಮೇಲೆ ನೇರಳೆ ಅಂಚಿನ ಚುಕ್ಕೆ ಬರುತ್ತದೆ. ಔಷಧಿ ಹುಡುಕಬೇಡಿ. ಚುಕ್ಕೆ ಬಿದ್ದ ಎಲೆ ತೆಗೆದು ಸುಡಿ, ಚಪ್ಪರ ತೆಳು ಮಾಡಿ ಗಾಳಿ ಆಡಲು ಬಿಡಿ. ಸೋಣ ತಿಂಗಳಲ್ಲಿ (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ಅದೇ ಬುಡ ಮತ್ತೆ ಚಿಗುರುತ್ತದೆ. ಎರಡು ವರ್ಷಕ್ಕೊಮ್ಮೆ ಬಳ್ಳಿಯ ಕೆಳಭಾಗ ಮರದಂತೆ ಗಡುಸಾಗುತ್ತದೆ. ಆಗ ಒಂದು ಎಳೆಯ ಬಳ್ಳಿಯನ್ನು ನೆಲಕ್ಕೆ ಬಗ್ಗಿಸಿ, ನಡುವಿನ ಎರಡು ಗಂಟನ್ನು ಮಣ್ಣಿನಲ್ಲಿ ಹೂತಿಡಿ. ಬೇರು ಬಂದ ಮೇಲೆ ಹಳೆಯ ಬುಡ ತೆಗೆದುಬಿಡಿ.

ತೊಂಡೆ

ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೀಜದಿಂದ ಹುಟ್ಟಿದ್ದು ಗಂಡೂ ಆಗಬಹುದು, ಕಹಿಯೂ ಆಗಬಹುದು. ಕಾಯಿ ತುಂಬಿ ನಿಂತಿದ್ದನ್ನು ಕಣ್ಣಾರೆ ಕಂಡ, ಕಾಯಿ ಹಸಿಯಾಗಿ ತಿಂದು ನೋಡಿದ ಬಳ್ಳಿಯಿಂದಲೇ ಕಡ್ಡಿ ತನ್ನಿ. ಒಂದು ಅಡಿ ಉದ್ದದ, ಬೂದುಬಣ್ಣಕ್ಕೆ ತಿರುಗಿದ ಬಲಿತ ತುಂಡು ಬೇಕು. ಹಸಿರು ತುದಿ ಬದುಕುವುದಿಲ್ಲ. ತುಂಡಿನ ಬುಡದ ಕಡೆ ಯಾವುದೆಂದು ಕತ್ತರಿಸುವಾಗಲೇ ಓರೆಯಾಗಿ ಕೊಯ್ದು ಗುರುತು ಮಾಡಿ. ತಲೆಕೆಳಗಾಗಿ ನೆಟ್ಟವರು ಬೇಕಾದಷ್ಟು ಜನ ಇದ್ದಾರೆ. ಬಳ್ಳಿಯಿಂದ ಬಳ್ಳಿಗೆ 6 ಅಡಿ ಅಂತರ ಇರಲಿ. ನಾಲ್ಕು ಜನರ ಮನೆಗೆ ಎರಡು ಬಳ್ಳಿ ಧಾರಾಳ.

ಚಪ್ಪರ ಮುಟ್ಟುವವರೆಗೆ ಒಂದೇ ಬಳ್ಳಿ ಬಿಡಿ, ಪಕ್ಕದ ಕವಲು ಚಿವುಟಿ. ಚಪ್ಪರಕ್ಕೆ ಏರಿದ ಮೇಲೆ ತುದಿ ಮುರಿಯಿರಿ, ಆಗ ಎಲ್ಲ ಕಡೆ ಹರಡುತ್ತದೆ. ಕಾಯಿ ಬರುವುದು ಹೊಸ ಚಿಗುರಿನಲ್ಲಿ. ಇದು ಮರೆತರೆ ಎರಡನೆಯ ವರ್ಷ ಚಪ್ಪರ ತುಂಬ ಎಲೆ, ಕಾಯಿ ಮಾತ್ರ ಇಲ್ಲ. ಹಾಗಾಗಿ ವರ್ಷಕ್ಕೊಮ್ಮೆ, ಮಳೆ ಇಳಿಯುವ ಆಗಸ್ಟ್ ಕೊನೆಗೆ, ಬುಡದಿಂದ ಎರಡು ಅಡಿ ಬಿಟ್ಟು ಹಳೆಯ ಬಳ್ಳಿಯನ್ನು ಕತ್ತರಿಸಿ. ಮೊದಲ ಸಲ ಕತ್ತರಿಸುವಾಗ ಕೈ ನಡುಗುತ್ತದೆ. ಬುಡಕ್ಕೆ ಎರಡು ಬುಟ್ಟಿ ಗೊಬ್ಬರ ಹಾಕಿ ಮಣ್ಣು ಏರಿಸಿ. ಅಕ್ಟೋಬರಿಗೆ ಹೊಸ ಬಳ್ಳಿ, ಹೊಸ ಹೂ. ಮೂರು ದಿನಕ್ಕೊಮ್ಮೆ ಕೊಯ್ಯಲೇಬೇಕು. ಕಾಯಿ ಬಲಿಯಲು ಬಿಟ್ಟರೆ ಬಳ್ಳಿ ಹೊಸ ಹೂ ಕಡಿಮೆ ಮಾಡುತ್ತದೆ. ನಾಲ್ಕು ವರ್ಷದ ನಂತರ ಕಾಯಿ ಸಣ್ಣದಾಗತೊಡಗಿದರೆ ಅದೇ ಬಳ್ಳಿಯ ಕಡ್ಡಿಯಿಂದ ಬೇರೆ ದಿಬ್ಬದಲ್ಲಿ ಹೊಸದು ಮಾಡಿ.

ಕೆಸು ಮತ್ತು ಗಡ್ಡೆಗಳು

ಕೆಸುವಿಗೆ ಬಚ್ಚಲು ನೀರು ಹರಿಯುವ ಜಾಗ ಕೊಡಿ. ಬಟ್ಟೆ ಸೋಪಿನ ನೀರು ಅಲ್ಲಿಗೆ ಬಾರದ ಹಾಗೆ ನೋಡಿಕೊಳ್ಳಿ. ಪತ್ರೊಡೆ ಮಾಡಿ ತಿಂದು ಗೊತ್ತಿರುವ ಮನೆಯ ಗಡ್ಡೆಯನ್ನೇ ತರಬೇಕು. ತೋಡಿನ ಬದಿಯಲ್ಲಿ ತಾನಾಗಿ ಹುಟ್ಟಿದ್ದೆಲ್ಲ ತಿನ್ನುವ ಕೆಸು ಅಲ್ಲ. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ, ಬಾಯಿ ತುರಿಸುವುದು ಅವು ಚುಚ್ಚಿ. ಹುಳಿ ಸೇರಿಸಿ ಚೆನ್ನಾಗಿ ಬೇಯಿಸಬೇಕು. ಮೂತ್ರಪಿಂಡದ ಕಲ್ಲಿನ ತೊಂದರೆ ಇರುವವರು ಕಡಿಮೆ ತಿನ್ನಲಿ. ಆಟಿಯಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಎಲೆ ಕೊಯ್ದು, ಚಳಿಗಾಲದಲ್ಲಿ ದೊಡ್ಡ ಗಡ್ಡೆ ಅಗೆದು, ಸಣ್ಣವನ್ನು ಅಲ್ಲೇ ಬಿಟ್ಟರೆ ಮತ್ತೆ ನೆಡುವ ಮಾತೇ ಇಲ್ಲ.

ಸುವರ್ಣಗಡ್ಡೆಗೆ ಶಿವರಾತ್ರಿ ಕಳೆದ ಮೇಲೆ 2 ಅಡಿ ಗುಂಡಿ ತೆಗೆದು ಅರ್ಧದಷ್ಟು ತರಗೆಲೆ, ಗೊಬ್ಬರ, ಬೂದಿ ತುಂಬಿ. ಮೊಳಕೆ ಕಣ್ಣಿನ ಭಾಗ ಬರುವಂತೆ ಅರ್ಧದಿಂದ ಒಂದು ಕಿಲೋದ ತುಂಡು ಮಾಡಿ, ಸೆಗಣಿ ಬಗ್ಗಡದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ ಇಡಿ. ಮೇಲೆ ಮಣ್ಣನ್ನು ಗುಡ್ಡೆ ಮಾಡಿ, ಮಳೆ ಬಂದಾಗ ತಗ್ಗಾಗಬಾರದು. ಎಲೆ ಹಳದಿಯಾಗಿ ಮಲಗಿದಾಗ, ಸುಮಾರು ಎಂಟು ಒಂಬತ್ತು ತಿಂಗಳಿಗೆ, ಅಗೆಯಬಹುದು. ಕಣ್ಣಿನ ಭಾಗ ತೆಗೆದಿಡಿ, ಅದೇ ಮುಂದಿನ ವರ್ಷದ ಬೀಜ. ಅರಸಿನಕ್ಕೆ ಇಷ್ಟು ಉಪಚಾರ ಬೇಡ. ಮೇ ಕೊನೆಗೆ ದಿಬ್ಬದಲ್ಲಿ ಹೂತಿಟ್ಟರೆ ನಾಗರ ಪಂಚಮಿಯ ಕಡುಬಿಗೆ ಎಲೆ ಸಿಗುತ್ತದೆ.

ಮರ, ಪೊದೆ, ನೆಲದ ಸೊಪ್ಪು

ನುಗ್ಗೆ ನಮ್ಮ ಮಳೆಗೆ ಹೆದರುವ ಮರ. ಹಿತ್ತಿಲಿನ ಅತಿ ಎತ್ತರದ, ಒಣಗಿದ ಮೂಲೆ ಅದಕ್ಕೆ. ಮಳೆ ಇಳಿದ ಮೇಲೆ ಕೈದಪ್ಪದ ನಾಲ್ಕಡಿ ಕೊಂಬೆ ನೆಡಿ, ಮೇಲಿನ ಬಾಯಿಗೆ ಸೆಗಣಿ ಮೆತ್ತಿ. ಕೊಂಬೆ ಬಲು ಪೆಳಸು, ಬೇಗ ಮುರಿಯುತ್ತದೆ, ಮನೆಯ ಮಾಡಿನಿಂದ ದೂರ ಇರಲಿ. ಪ್ರತಿ ವರ್ಷ ಕೋಡು ಮುಗಿದ ಮೇಲೆ ಐದಡಿಗೆ ಕಡಿದರೆ ಸೊಪ್ಪು ಕೈಗೆ ಸಿಗುತ್ತದೆ.

ಕರಿಬೇವಿಗೆ ಬೀಜದ ಸಸಿಯೋ, ಹಳೆಯ ಗಿಡದ ಬುಡದ ಮರಿಯೋ ಸಾಕು. ಮೊದಲ ವರ್ಷ ಒಗ್ಗರಣೆಗೆಂದು ಎಲೆ ಕೀಳಬೇಡಿ. ಮೂರಡಿ ಬಂದಾಗ ತಲೆ ಚಿವುಟಿ. ಗಾಂಧಾರಿ ಮೆಣಸು ಹಕ್ಕಿಗಳೇ ಬಿತ್ತುತ್ತವೆ. ಅರೆನೆರಳಲ್ಲಿ ಮೂರ್ನಾಲ್ಕು ವರ್ಷ ನಿಲ್ಲುತ್ತದೆ. ಹುಳಿ ಮಣ್ಣಿನಲ್ಲಿ ಟೊಮೆಟೊ, ಬದನೆಯನ್ನು ಒಂದೇ ದಿನದಲ್ಲಿ ಬಾಡಿಸುವ ಸೊರಗು ರೋಗವನ್ನು ನನ್ನ ಗಾಂಧಾರಿ ಈವರೆಗೆ ತಡೆದುಕೊಂಡಿದೆ.

ಚಕ್ರಮುನಿ ಕಡ್ಡಿಯನ್ನು ಬೇಲಿಯಂತೆ ಒಂದೂವರೆ ಅಡಿಗೊಂದರಂತೆ ನೆಡಿ. ವಾರಕ್ಕೊಮ್ಮೆ ಸವರಿದಷ್ಟೂ ಚಿಗುರುತ್ತದೆ. ಒಂದು ಎಚ್ಚರ ಮಾತ್ರ ಬೇಕು. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಇದರ ಹಸಿ ರಸವನ್ನು ದಿನಾ ಕುಡಿದ ಹಲವರಿಗೆ ಶ್ವಾಸಕೋಶ ಕೆಟ್ಟಿತು. ಪಲ್ಯಕ್ಕೆ, ಸಾರಿಗೆ ಬೇಯಿಸಿ, ವಾರಕ್ಕೆ ಒಂದೆರಡು ಸಲ ತಿನ್ನಿ. ರಸ ಮಾಡಿ ಕುಡಿಯಬೇಡಿ.

ಒಂದೆಲಗ, ದೊಡ್ಡಪತ್ರೆ ತಂಬುಳಿಗೆ. ಮೊದಲಿನದು ತೇವದ ನೆಲಕ್ಕೆ, ಎರಡನೆಯದು ಕಲ್ಲುಕಟ್ಟೆಯ ಮೇಲಿನ ಕುಂಡಕ್ಕೆ. ಜಾಗ ಧಾರಾಳ ಇದ್ದರೆ ಒಂದು ಜೀಗುಜ್ಜೆ (ದೀವಿಹಲಸು). ಬೇರಿನಿಂದ ಏಳುವ ಮರಿ ತಂದು ಮನೆಯಿಂದ 25 ಅಡಿ ದೂರ ನೆಡಿ. ನಾಲ್ಕೈದು ವರ್ಷ ಕಾಯುವ ತಾಳ್ಮೆ ಬೇಕು, ಆದರೆ ಅದರ ಪೋಡಿ (ಬಜ್ಜಿ) ತಿಂದವರು ಕಾಯುತ್ತಾರೆ.

ಬೇಸಿಗೆಯ ನೀರು

ಏಪ್ರಿಲ್ ಹೊತ್ತಿಗೆ ಬಾವಿ ಇಳಿಯುತ್ತದೆ. ಕಡಲಿಗೆ ಹತ್ತಿರದ ಮನೆಗಳಲ್ಲಿ ನೀರು ಉಪ್ಪಾಗುವುದೂ ಇದೆ. ಅಕ್ಟೋಬರ್ ಕೊನೆಗೆ ಮಣ್ಣಿನಲ್ಲಿ ತೇವ ಇರುವಾಗಲೇ ನಾಲ್ಕಾರು ಇಂಚು ತರಗೆಲೆ ಮುಚ್ಚಿ. ಒಣಗಿದ ಮೇಲೆ ಮುಚ್ಚಿದರೆ ಅರ್ಧ ಪ್ರಯೋಜನವೂ ಇಲ್ಲ. ಎರಡು ಬಳ್ಳಿಯ ನಡುವೆ ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಗೆರಟೆ ಮುಚ್ಚಿ. ನೀರು ಜಿನುಗಿ ಬೇರಿಗೆ ನೇರ ಹೋಗುತ್ತದೆ. ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಜೂನ್ ಬಂದ ಕೂಡಲೇ ಮುಚ್ಚಿಗೆಯನ್ನು ಬುಡದಿಂದ ಒಂದು ಅಡಿ ಸರಿಸಿ. ಇಲ್ಲದಿದ್ದರೆ ಅದು ಬಸವನ ಹುಳುಗಳ ಮನೆಯಾಗುತ್ತದೆ.

ಗೊಬ್ಬರಕ್ಕೆ ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಹೇಳುವ ಜೀವಾಮೃತವನ್ನು ಸಣ್ಣ ಅಳತೆಯಲ್ಲಿ ಮಾಡಬಹುದು: 20 ಲೀಟರ್ ನೀರು, 1 ಕಿಲೋ ಸೆಗಣಿ, 1 ಲೀಟರ್ ಗೋಮೂತ್ರ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ತೋಟದ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು, ಬೆಳಿಗ್ಗೆ ಸಂಜೆ ಕಲಕಿ, ಹತ್ತು ಪಟ್ಟು ನೀರು ಸೇರಿಸಿ ಹಾಕಿ. ಇದು ಗೊಬ್ಬರದ ಬದಲಿಗೆ ಆಗುವುದಿಲ್ಲ ಎಂದೇ ನನ್ನ ಅನುಭವ. ತರಗೆಲೆ ಮುಚ್ಚಿಗೆ ಚೆನ್ನಾಗಿದ್ದ ಕಡೆ ಮಾತ್ರ ಫಲ ಕಂಡಿದ್ದೇನೆ.

ಹುಳ, ಬಸವನ ಹುಳು, ಮಂಗ

ಮಳೆಗಾಲದ ದೊಡ್ಡ ಶತ್ರು ಆಫ್ರಿಕನ್ ಬಸವನ ಹುಳು. ಒಂದು ರಾತ್ರಿಯಲ್ಲಿ ಬಸಳೆ ಚಿಗುರೆಲ್ಲ ಖಾಲಿ. ಸಂಜೆ ಒದ್ದೆ ಗೋಣಿಯ ಅಡಿ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಅಡಿಯಲ್ಲಿ ಸೇರಿದ್ದನ್ನು ಹೆಕ್ಕಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಮೆದುಳಿಗೆ ರೋಗ ತರುವ ಹುಳು ಅದರಲ್ಲಿ ಇರಬಹುದು. ಮಳೆಗಾಲದ ಸೊಪ್ಪನ್ನು ಹಸಿಯಾಗಿ ತಿನ್ನದಿರುವುದೂ ಇದೇ ಕಾರಣಕ್ಕೆ ಒಳ್ಳೆಯದು. ಉಪ್ಪುನೀರನ್ನು ಗಿಡದ ಹತ್ತಿರ ಚೆಲ್ಲಬೇಡಿ. ಎರಡು ವಾರ ಬಿಡದೆ ಹೆಕ್ಕಿದರೆ ಆ ವರ್ಷಕ್ಕೆ ಹತೋಟಿಗೆ ಬರುತ್ತದೆ. ಅಕ್ಕಪಕ್ಕದ ಮನೆಯವರೂ ಸೇರಿದರೆ ಮಾತ್ರ ಮುಂದಿನ ವರ್ಷವೂ ಕಡಿಮೆಯಾಗುತ್ತದೆ.

ತೊಂಡೆ ಕಾಯಿಯೊಳಗೆ ಬಿಳಿ ಹುಳ ಕಂಡರೆ ಅದು ಹಣ್ಣುನೊಣದ್ದು. ಗಂಡು ನೊಣಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂ ಲೂರ್ ಮೋಹಕ ಬಲೆ ಒಂದು ನೇತುಹಾಕಿ. ಕೊಳೆತ ಕಾಯಿಗಳನ್ನು ಅಲ್ಲೇ ಬಿಸಾಡದೆ ಒಂದೂವರೆ ಅಡಿ ಆಳಕ್ಕೆ ಹೂಳಿ. ಗಿಡದ ಹೇನಿಗೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಬೆರೆಯಲು ಸ್ವಲ್ಪ ಅಂಟುವಾಳದ ನೀರು, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ. ನುಗ್ಗೆಯ ಕಂಬಳಿ ಹುಳುಗಳು ಹಗಲು ಕಾಂಡದ ಮೇಲೆ ಗುಂಪಾಗಿ ಕೂರುತ್ತವೆ. ಆಗಲೇ ಉದ್ದ ಕೋಲಿಗೆ ಬಟ್ಟೆ ಸುತ್ತಿ, ಸೋಪಿನ ನೀರಲ್ಲಿ ಅದ್ದಿ ಒರೆಸಿ ತೆಗೆಯಿರಿ. ಮೈ ಪೂರ್ತಿ ಮುಚ್ಚಿಕೊಂಡಿರಿ. ಕರಿಬೇವಿನ ಎಲೆ ತಿನ್ನುವ ಹಸಿರು ಹುಳು ಚಿಟ್ಟೆಯಾಗುವಂಥದ್ದು. ಗಿಡ ದೊಡ್ಡದಿದ್ದರೆ ನಾನು ಅದನ್ನು ಬಿಟ್ಟುಬಿಡುತ್ತೇನೆ.

ಮಂಗ, ನವಿಲಿಗೆ ನನ್ನ ಹತ್ತಿರ ಪೂರ್ತಿ ಪರಿಹಾರ ಇಲ್ಲ. ಆದರೆ ಕೆಸು, ಸುವರ್ಣಗಡ್ಡೆ, ಅರಸಿನ, ಗಾಂಧಾರಿಯನ್ನು ನಮ್ಮಲ್ಲಿ ಮಂಗಗಳು ಮುಟ್ಟಿಲ್ಲ. ಕಾಟ ಜಾಸ್ತಿ ಇರುವ ಕಡೆ ಅವನ್ನು ಅಂಚಿಗೆ, ತೊಂಡೆಯನ್ನು ಅಡುಗೆಮನೆಯ ಕಿಟಕಿಗೆ ಕಾಣುವ ಕಡೆ ಇಟ್ಟುಕೊಳ್ಳಿ.

ಮೊದಲ ವರ್ಷ ಇದನ್ನೆಲ್ಲ ಒಟ್ಟಿಗೆ ಮಾಡಲು ಹೋಗಬೇಡಿ. ಈ ಸೆಪ್ಟೆಂಬರಿಗೆ ಒಂದು ಬಸಳೆ ದಿಬ್ಬ, ಒಂದು ತೊಂಡೆ, ಬೇಲಿಗೆ ಚಕ್ರಮುನಿ. ಬರುವ ಮಾರ್ಚ್‌ಗೆ ಗಡ್ಡೆಗಳು. ಅಷ್ಟರಲ್ಲಿ ತರಗೆಲೆ ಗೂಡು ತುಂಬಿರುತ್ತದೆ, ನೀರು ಹರಿಯುವ ದಾರಿಯೂ ಗೊತ್ತಾಗಿರುತ್ತದೆ. ಕಡ್ಡಿ ಕೇಳಲು ಹೋದ ಮನೆಯಲ್ಲಿ ಆ ಬಳ್ಳಿ ಎಷ್ಟು ವರ್ಷದ್ದು, ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ಕೇಳಿಕೊಂಡೇ ಬನ್ನಿ. ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರೆ ಎರಡು ದಿನ ತಡವಾದರೂ ಕೆಡುವುದಿಲ್ಲ.